ಎರಡು ಬೋಲ್ಟು

ಅಂಗಡಿಯ ಮೇಲಿನ ಮನೆ,
ಬುಧವಾರ, ನಸುಕಿನ ಎರಡೂಕಾಲು

ಪ್ರೀತಿಯ ಅತ್ತೆಗೆ ನಮಸ್ಕಾರ.

ಎರಡು ಗಂಟೆಗೆ ಠಕ್ ಅಂತ ಸದ್ದಾಗಿ ಬೆಚ್ಚಿ ಎದ್ದೆ. ನಿಮ್ಮ ಮೊಮ್ಮಗಳು ಮಗ್ಗುಲು ಬದಲಿಸಿದ್ದಳು, ಕಾಲಿಗೆ ಕಟ್ಟಿದ ಅರ್ಧ ಪ್ಲಾಸ್ಟರು ಗೋಡೆಗೆ ಬಡಿದಿತ್ತು, ಅಷ್ಟೆ. ಐದೂ ಬೆರಳು ಒಂದೊಂದಾಗಿ ಮುಟ್ಟಿ ನೋಡಿದೆ, ಬೆಚ್ಚಗಿವೆ. ಆದರೂ ಮತ್ತೆ ನಿದ್ದೆ ಹತ್ತಲಿಲ್ಲ. ಅಡುಗೆಮನೆಯ ದೀಪ ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮೊಣಕಾಲು ಹೇಗಿದೆ? ಅಲ್ಲಿ ಮೆಟ್ಟಿಲು ಜಾಸ್ತಿ ಅಂದಿದ್ದಿರಿ, ಹತ್ತಿ ಇಳಿಯುವುದು ಕಡಿಮೆ ಮಾಡಿ. ನಾದಿನಿಯ ಕೂಸು ರಾತ್ರಿ ನಿಮಗೆ ಕಣ್ಣು ಮುಚ್ಚಲು ಬಿಡುತ್ತಿದೆಯೋ ಇಲ್ಲವೋ? ಫೋನಿನಲ್ಲಿ ಟೈಪು ಮಾಡಿದ್ದು ಇರುವೆ ಸಾಲಿನ ಹಾಗೆ ಕಾಣುತ್ತದೆ ಅನ್ನುತ್ತೀರಲ್ಲ, ಅದಕ್ಕೇ ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತೇನೆ. ನಾಲ್ಕಕ್ಕೆ ಎದ್ದವರು ಮುಖಕ್ಕೆ ನೀರು ಹಾಕುವ ಮೊದಲೇ ಫೋನು ನೋಡುತ್ತೀರೆಂದು ನಾವೆಲ್ಲ ನಗುತ್ತಿದ್ದೆವು. ಇವತ್ತು ಆ ಅಭ್ಯಾಸ ತಪ್ಪದಿರಲಿ.

ಬೆಳಗ್ಗೆ ಎಂಟಕ್ಕೆ ಡಾಕ್ಟರು ಕಾಲು ನೋಡುತ್ತಾರೆ. ಆಪರೇಷನ್ ಆಗಿ ಏಳು ವಾರವಾಯಿತು. ಎಲ್ಲ ಚೆನ್ನಾಗಿದೆ ಅಂತ ನಿಮಗೆ ಹೇಳುತ್ತಾ ಬಂದದ್ದು ಅರ್ಧ ಸುಳ್ಳು ಅತ್ತೆ. ಗಾಯ ಮಾಗಿದೆ, ಮೂಳೆಗೆ ಹಾಕಿದ್ದ ತಂತಿ ತೆಗೆದಿದ್ದಾರೆ, ತೊಡೆಯಿಂದ ತೆಗೆದು ಹಿಮ್ಮಡಿಗೆ ಹಚ್ಚಿದ ಚರ್ಮವೂ ಕೂಡಿಕೊಂಡಿದೆ. ಪಾದ ಮಾತ್ರ ಬಾಗುತ್ತಿಲ್ಲ. ಹಿಮ್ಮಡಿಯ ಮೇಲೆ ತುಂಡಾಗಿದ್ದ ಸ್ನಾಯುವಿನ ಹುರಿಯನ್ನು ಹೊಲಿದಿದ್ದಾರಲ್ಲ, ಅದು ಬಿಗಿದುಕೊಂಡಿದೆ. ದಿನಕ್ಕೆ ಮೂರು ಸಲ ಪ್ಲಾಸ್ಟರು ಬಿಚ್ಚಿ, ಪಾದವನ್ನು ಮೆಲ್ಲಗೆ ಮೇಲಕ್ಕೆ ಹತ್ತು ಸಲ, ಕೆಳಕ್ಕೆ ಹತ್ತು ಸಲ ಬಾಗಿಸಬೇಕು. "ಮನೇಲಿ ಮಾಡಿಸ್ಲಿಲ್ಲ ಅಂದ್ರೆ ಮತ್ತೆ ಮಲಗಿಸಿ ಕುಯ್ಯಬೇಕಾಗತ್ತೆ, ನೋಡಿಮ್ಮಾ" ಎಂದಿದ್ದಾರೆ ಡಾಕ್ಟರು. ಇವತ್ತು ಅದನ್ನು ತೀರ್ಮಾನಿಸುತ್ತಾರೆ. ಬಾಗಿಸುವುದೆಲ್ಲಿಂದ ಬಂತು! ನಾನು ಕೈ ಚಾಚಿದರೆ ಸಾಕು, ಬೀದಿಗೆ ಕೇಳುವ ಹಾಗೆ ಕಿರುಚಿ ಇನ್ನೊಂದು ಕಾಲಲ್ಲಿ ಒದೆಯುತ್ತಾಳೆ. "ಅಪ್ಪ ಮಾಡ್ಲಿ" ಅನ್ನುತ್ತಾಳೆ. ಅಪ್ಪ ಮಾಡುವುದಿಲ್ಲ.

ನಿಮ್ಮ ಮಗನನ್ನು ಈಗ ನೋಡಿದರೆ ನೀವು ಗುರುತು ಹಿಡಿಯಲಾರಿರಿ. ಚಕ್ರ ತಿರುಗುವ ಸದ್ದಿನಲ್ಲೇ ಯಾವ ಕಡ್ಡಿ ಸಡಿಲವೆಂದು ಹೇಳುತ್ತಿದ್ದವರು, ಈಗ ಬರೀ ಗಾಳಿ ಹಾಕಿಸಲು ಬಂದ ಸೈಕಲ್ಲಿನ ಬೋಲ್ಟುಗಳನ್ನೂ ಮೂರು ಮೂರು ಸಲ ಬಿಗಿಮಾಡುತ್ತಾರೆ. ಎದುರಿನ ಚಹಾದಂಗಡಿಯವನು "ಏನ್ ಯಜಮಾನ್ರೇ, ರಿಪೇರಿನೋ, ವಾರ್ಷಿಕ ಪರೀಕ್ಷೆನೋ?" ಎಂದು ಕಾಲೆಳೆದರೆ ನಗುವುದೂ ಇಲ್ಲ. ನನ್ನ ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾವು ಹಾಕಿದ ತಂತಿಯ ಜಾಲರಿ ಸರಿಯಾಗಿ ಬಿಗಿಯಾಗದೆ ದಾರಿಯಲ್ಲಿ ಕಳಚಿಬಿತ್ತು, ಅದಕ್ಕೇ ಮಗುವಿನ ಕಾಲು ಕಡ್ಡಿಗಳ ನಡುವೆ ಸಿಕ್ಕಿತು ಎಂದೇ ಅವರು ನಂಬಿದ್ದಾರೆ. ಆ ರಸ್ತೆಯಲ್ಲಿ ಎರಡು ದಿನ ನಡೆದು ಜಾಲರಿಗಾಗಿ ಚರಂಡಿಯನ್ನೆಲ್ಲ ಹುಡುಕಿ ಬಂದರು. ವ್ಯಾಯಾಮ ಮಾಡಿಸಿ ಎಂದರೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ. "ಎರಡು ಬೋಲ್ಟು ಬಿಗಿಮಾಡಕ್ಕೆ ಬರದಿದ್ದ ಕೈ ಕಣೆ ಇದು. ಅವಳ ಕಾಲಿಗೆ ಬೇಡ."

ಜಾಲರಿ ಕಳಚಿ ಬೀಳಲಿಲ್ಲ ಅತ್ತೆ. ನಾನು ಬಿಚ್ಚಿದೆ.

ಅವತ್ತು ಪ್ರೆಸ್ಸಿಗೆ ಪ್ರೂಫ್ ತಿದ್ದಿದ ಹಾಳೆಗಳನ್ನು ಕೊಡಬೇಕಿತ್ತು. ದೊಡ್ಡ ಕಟ್ಟು. ಚೀಲವನ್ನು ಕ್ಯಾರಿಯರಿನ ಪಕ್ಕಕ್ಕೆ ತೂಗಹಾಕಲು ಹೋದರೆ ಜಾಲರಿ ಅಡ್ಡ ಬರುತ್ತಿತ್ತು. ಅವರು ಸಾಮಾನು ತರಲು ಹೋಗಿದ್ದರು. ಅವರದೇ ಸ್ಪ್ಯಾನರು ತಗೊಂಡೆ, ಎರಡು ನಿಮಿಷದ ಕೆಲಸ. ಬೋಲ್ಟು ಎರಡನ್ನೂ ಮಗುವಿನ ಅಂಗೈಗೆ ಹಾಕಿ, "ಅಪ್ಪಂಗೆ ಹೇಳ್ಬೇಡ ಆಯ್ತಾ? ಇಬ್ರಿಗೂ ಬೈಗುಳ ಬೀಳತ್ತೆ" ಎಂದು ನಕ್ಕೆ. ಅವಳೂ ನಕ್ಕಳು. ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಕಾಲಿಗೂ ಚಕ್ರಕ್ಕೂ ನಡುವೆ ಚೀಲವೇ ಅಡ್ಡವಿತ್ತು, ಏನೂ ಆಗಲಿಲ್ಲ. ಬರುವಾಗ ಚೀಲ ಖಾಲಿ, ಅದನ್ನು ಮಡಚಿ ಮುಂದಿನ ಬುಟ್ಟಿಗೆ ಹಾಕಿದ್ದೆ. "ಕಾಲು ಅಗಲ ಇಟ್ಕೋ" ಎಂದಷ್ಟೇ ಹೇಳಿದೆ. ಐದು ವರ್ಷದ ಮಗುವಿಗೆ! ತಿರುವಿನಲ್ಲಿ ಪೆಡಲು ಭಾರವಾಯಿತು. ಕಲ್ಲು ಸಿಕ್ಕಿತೆಂದುಕೊಂಡು ನಾನು ಇನ್ನೂ ಜೋರಾಗಿ ತುಳಿದೆ. ಅದನ್ನು ಮುಂದೆ ಬರೆಯಲಾರೆ. ಜಾಲರಿ ಮೆಟ್ಟಿಲ ಕೆಳಗೆ ಹಳೆಯ ಹಾಳೆಗಳ ಹಿಂದೆ ಇದೆ.

ಆಸ್ಪತ್ರೆಯಲ್ಲಿ ನರ್ಸು "ಹೇಗಾಯ್ತು ಪುಟ್ಟಾ?" ಎಂದು ಕೇಳಿದಾಗ ಅವಳು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಮನೆಯಲ್ಲಿ ಏನು ಅಡುಗೆಯೆಂದು ದಾರಿಹೋಕರಿಗೂ ಒಪ್ಪಿಸುವ, ನೀವೇ ಚಿನಕುರುಳಿ ಎಂದು ಕರೆದ ಹುಡುಗಿ! ನೋವಿಗೆ ಮಾತು ಬರುತ್ತಿಲ್ಲ ಎಂದುಕೊಂಡೆ. ನಿನ್ನೆ ಸಂಜೆ ಏನಾಯಿತು ಗೊತ್ತೇ? ಏನಾದರೂ ಆಗಲಿ ಎಂದು ಅವಳನ್ನು ತೊಡೆಗಳ ನಡುವೆ ಅದುಮಿ ಹಿಡಿದು ಪಾದ ಬಾಗಿಸಿದೆ. ಮೂರನೆಯದಕ್ಕೆ ಕಿರುಚುವುದು ನಿಲ್ಲಿಸಿ, ಪಿಸುಗುಟ್ಟಿದಳು: "ನಾನು ಅಪ್ಪಂಗೆ ಹೇಳಿಲ್ಲಮ್ಮಾ. ನಿಜವಾಗ್ಲೂ ಹೇಳಿಲ್ಲ. ಇನ್ನು ಸಾಕು, ಬಿಡು."

ಅಪ್ಪನಿಗೆ ಹೇಳಿಬಿಟ್ಟಿದ್ದಾಳೆಂದು ನಾನು ಕಾಲು ತಿರುಚುತ್ತಿದ್ದೇನೆ ಎಂದುಕೊಂಡಿದ್ದಾಳೆ ಅತ್ತೆ. ಏಳು ವಾರದಿಂದ ಆ ಗುಟ್ಟು ಹೊತ್ತುಕೊಂಡೇ ಮಲಗಿದ್ದಾಳೆ. "ಇಲ್ಲ ಕಂದಾ, ಅದಕ್ಕಲ್ಲ" ಎಂದೆ. ತಲೆಯಾಡಿಸಿದಳು, ನಂಬಲಿಲ್ಲ.

ಆಗಲೇ ಹೇಳಿಬಿಡಬೇಕೆಂದು ಅಂಗಡಿಗೆ ಇಳಿದೆ. ಚಕ್ರವನ್ನು ಎತ್ತಿ ಹಿಡಿದುಕೊಂಡೇ "ಏನೇ?" ಎಂದರು. ನನ್ನ ಬಾಯಲ್ಲಿ ಬಂದದ್ದು, "ಸೋಪು ಮುಗಿದಿದೆ." ಪಾಪ, ಎರಡು ತಂದರು. ಕೂಗಾಡುವ ಗಂಡಸಾಗಿದ್ದರೆ ಇಷ್ಟು ಭಯವಿರುತ್ತಿರಲಿಲ್ಲ. ಇವರು ಕೂಗುವುದಿಲ್ಲ, ಸುಮ್ಮನಾಗುತ್ತಾರೆ. ಆ ಮೌನದಲ್ಲಿ ನಾನು ಎಷ್ಟು ವರ್ಷ ಬದುಕಬೇಕೋ. ನೀವೂ ಇನ್ನು ಮಗುವನ್ನು ನನ್ನ ಕೈಗೆ ಕೊಡುವ ಮುನ್ನ ಒಂದು ಕ್ಷಣ ಯೋಚಿಸುತ್ತೀರಿ. ಯೋಚಿಸಿ. ಆದರೆ ಮತ್ತೊಮ್ಮೆ ಆ ಕಾಲು ಕುಯ್ಯುವುದನ್ನು ನಾನು ನೋಡಲಾರೆ. ತಪ್ಪು ತಮ್ಮ ಕೈಯದಲ್ಲವೆಂದು ತಿಳಿದರೆ ಅವರೇ ಅವಳ ಪಾದ ಬಾಗಿಸುತ್ತಾರೆ, ಇನ್ನು ಕೆಲವು ದಿನ ಕಾಯಿರೆಂದು ಡಾಕ್ಟರನ್ನು ಕೇಳಬಹುದು.

ನಾದಿನಿಗೂ ಅವಳ ಯಜಮಾನರಿಗೂ ನಾನು ಕೇಳಿದೆನೆಂದು ಹೇಳಿ. ಕೂಸಿಗೆ ಮುತ್ತು. ನಿಮ್ಮ ಪಾದಕ್ಕೆ ನನ್ನ ತಲೆ.

ನಿಮ್ಮ ಸೊಸೆ

ಮರೆತೆ: ಅವರು ಆಸ್ಪತ್ರೆಗೆ ಬರುವುದಿಲ್ಲವಂತೆ, ಆರಕ್ಕೇ ಅಂಗಡಿ ತೆಗೆಯುತ್ತಾರಂತೆ. ಕೆಳಗೆ ಇಳಿದರೆಂದರೆ ನನ್ನ ಧೈರ್ಯವೂ ಇಳಿದುಹೋಗುತ್ತದೆ. ಇದನ್ನು ಓದಿದ ಕೂಡಲೇ ಫೋನು ಮಾಡಿ, ನನಗಲ್ಲ, ಅವರಿಗೆ. ನಿಮ್ಮ ಫೋನೆಂದರೆ ಮೊದಲ ರಿಂಗಿಗೇ ಎತ್ತುತ್ತಾರೆ. ಸ್ಪೀಕರು ಹಾಕಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಲು ಹೇಳಿ. ವಿಷಯ ನೀವು ಹೇಳಬೇಡಿ, ನಾನೇ ಹೇಳುತ್ತೇನೆ. ಮಧ್ಯದಲ್ಲಿ ನಾನು "ಏನಿಲ್ಲ ಬಿಡಿ" ಎಂದರೆ ಮಾತ್ರ ಬಿಡಬೇಡಿ. ಬೈಯುವುದಿದ್ದರೆ ಎಂಟರ ಮೇಲೆ ಎಷ್ಟು ಬೇಕಾದರೂ ಬೈಯಿರಿ. ಬೆಳಕು ಹರಿಯುವ ಮೊದಲು ಒಂದು ಫೋನು ಅತ್ತೆ, ದಮ್ಮಯ್ಯ, ಬೆಳಗಾಗುವ ಮೊದಲು.