ಜೂನ್ ಒಂದರಂದು ಹುಟ್ಟದ ಆಟಗಾರ

ಕಾಲೇಜಿನ ಕ್ರೀಡಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಮಗನ ತಲೆಗೆ ಎಷ್ಟು ಪೆಟ್ಟಾಗಿದೆ ಎಂದು ನಿಮ್ಮ ಕಚೇರಿ ನನಗೆ ಹೇಳುತ್ತಿಲ್ಲ. ಅವನ ಎತ್ತರ ಹೇಳಿದ್ದೀರಿ, ತೂಕ ಹೇಳಿದ್ದೀರಿ, ನಲವತ್ತು ಗಜವನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆಂದು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದೀರಿ. ಹನ್ನೆರಡು ದಿನಗಳಿಂದ ಅವನು ಬಿಸಿಲಿಗೆ ಕಣ್ಣು ಬಿಡಲಾರದೆ ಯಾಕೆ ಒದ್ದಾಡುತ್ತಿದ್ದಾನೆ ಎಂಬುದು ಮಾತ್ರ ಗುಟ್ಟು, ಹೆತ್ತವರಿಗೂ ಹೇಳಬಾರದ ಗುಟ್ಟು. ಸೆಪ್ಟೆಂಬರ್ ಆರರ ಶನಿವಾರ ನಿಮ್ಮ ಅಮೆರಿಕದ ಫುಟ್‌ಬಾಲಿನ ಮೊದಲ ಪಂದ್ಯ. ಆ ದಿನ ಅವನನ್ನು ಮೈದಾನಕ್ಕೆ ಇಳಿಸಬಹುದೆಂದು ನಿಮ್ಮದೇ ಪುಸ್ತಿಕೆ ಹೇಳುತ್ತದೆ. ಅಷ್ಟರೊಳಗೆ ನಿಮ್ಮನ್ನು ತಡೆಯಬೇಕು. ಈ ಪತ್ರ ಅದಕ್ಕಾಗಿ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದು. ನಿಜ ಹೇಳಬೇಕೆಂದರೆ ನನ್ನ ಧೈರ್ಯದ ಮೂಲ ಅದೇ. ನಮ್ಮ ಕನ್ನಡ ಕೂಟದ ಗಣೇಶನ ಹಬ್ಬದ ಸಂಚಿಕೆಯಲ್ಲಿ, ಕಡುಬು ಮಾಡುವ ವಿಧಾನ ಮತ್ತು ಮಕ್ಕಳ ನೃತ್ಯದ ಫೋಟೋಗಳ ನಡುವೆ, ಇದಕ್ಕೊಂದು ಪುಟ ಬಿಟ್ಟುಕೊಟ್ಟವರು ಸಂಪಾದಕರಾದ, ನಿಮ್ಮ ಕಾಲೇಜಿನ ಹತ್ತಿರದ ನೇಪರ್‌ವಿಲ್‌ನ ಪ್ರಕಾಶ್. "ಹೆಸರು ಮಾತ್ರ ಹಾಕಬೇಡಿ, ಒಳಗೆ ಬಂದ ನಮ್ಮ ಹೆಸರುಗಳನ್ನೂ ಅಳಿಸಿಬಿಡಿ" ಎಂದು ನಾನು ಅವರಿಗೆ ಮೊದಲೇ ಹೇಳಿದ್ದೆ. ಯಾಕೆ ಹಾಗೆ ಹೇಳಿದೆ ಎಂಬುದನ್ನು ಕೊನೆಯವರೆಗೆ ಓದಿದರೆ ತಿಳಿಯುತ್ತದೆ. ನೀವು ಓದುವುದಿಲ್ಲ, ಅದು ಬೇರೆ ಮಾತು.

ಮೊದಲು ಆ ಪುಸ್ತಿಕೆಯ ವಿಷಯ. "ಹೊಸ ಆಟಗಾರರ ಮುನ್ನೋಟ" ಎಂದು ನೀವು ಪ್ರತಿ ಆಗಸ್ಟ್‌ನಲ್ಲಿ ಹೊರತರುವ ಹೊಳಪು ಕಾಗದದ ಪುಸ್ತಿಕೆ ಇದೆಯಲ್ಲ, ಅದು ಲಿವೋನಿಯಾದ ನಮ್ಮ ಮನೆಗೂ ಅಂಚೆಯಲ್ಲಿ ಬಂತು. ಹದಿನೇಳನೆಯ ಪುಟದಲ್ಲಿ ನನ್ನ ಮಗ ಒವೈಸ್. ಆರಡಿ ಎರಡಿಂಚು, ಇನ್ನೂರ ಇಪ್ಪತ್ತೆಂಟು ಪೌಂಡ್, ವಯಸ್ಸು ಹದಿನೆಂಟು. ಕೆಳಗೆ ಒಂದು ಷರಾ: "ಮೈ ಪೂರ್ತಿ ಬೆಳೆದು ನಿಂತಿದೆ. ಎದೆಗಾರಿಕೆ ಮಾತ್ರ ಇನ್ನೂ ಪರೀಕ್ಷೆಯಾಗಬೇಕು. ಮೊದಲ ಪಂದ್ಯದಲ್ಲೇ ಆಡಿಸಬಹುದು." ನಾನು ರಾಣೆಬೆನ್ನೂರಿನವನು. ನಮ್ಮ ಕಡೆಯ ದನದ ಸಂತೆಯಲ್ಲಿ ಎತ್ತಿನ ಎದೆ ಅಗಲ ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಇವೆಲ್ಲ ನೀವೂ ಮಾಡಿದ್ದೀರಿ. ಆದರೆ ನಮ್ಮ ರೈತ ಎಷ್ಟೇ ದಡ್ಡನಾಗಿರಲಿ, ಬಾಯಿ ಬಿಡಿಸಿ ಹಲ್ಲು ಎಣಿಸದೆ ಪ್ರಾಯ ಒಪ್ಪುವುದಿಲ್ಲ. ಮಾರುವವನ ಮಾತನ್ನು ಯಾರಾದರೂ ನಂಬುತ್ತಾರೆಯೇ? ನೀವು ನಂಬಿದಿರಿ. ಮಾತು ನನ್ನದು.

ಆಗಸ್ಟ್ ಇಪ್ಪತ್ತಮೂರರ ಶನಿವಾರ ಪ್ರಕಾಶ್ ಅವನನ್ನು ನಿಮ್ಮ ಹಾಸ್ಟೆಲಿನಿಂದ ಮನೆಗೆ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಸಂಜೆ ಫೋನ್ ಮಾಡಿದರು. "ಷರೀಫ್ ಭಾಯ್, ಹುಡುಗ ಸರಿ ಇಲ್ಲ ಕಣ್ರೀ. ಕಾರಲ್ಲಿ ಎರಡು ಸಲ ವಾಂತಿ ಮಾಡ್ಕೊಂಡ. ಮನೆಗೆ ಬಂದ್ರೆ ಕರ್ಟನ್ ಹಾಕಿ ಅಂಕಲ್ ಅಂತಾನೆ. ಸೋಮವಾರ ಪ್ರಾಕ್ಟೀಸಲ್ಲಿ ಯಾರೋ ತಲೆಗೆ ತಲೆ ಕೊಟ್ಟು ಗುದ್ದಿದ್ರಂತೆ, ಆಮೇಲೆ ಕೋಚು ಇಬ್ಬಿಬ್ಬರು ಕಾಣಿಸಿದ್ರಂತೆ. ನಗ್ತಾ ಹೇಳ್ದ. ನನಗೆ ನಗು ಬರಲಿಲ್ಲ." ಮರುದಿನ ಅವನೇ ತಾಯಿಗೆ ಫೋನ್ ಮಾಡಿದ. "ಅಮ್ಮೀ, ಇರಮ್‌ಗೆ ಬ್ರೇಸಸ್ ಹಾಕಿದ್ರಾ?" ಇರಮ್ ಅವನ ತಂಗಿ, ಹದಿನೈದು ವರ್ಷ. ಹಾಕಿದ್ದಾರೆ ಎಂದಳು ನನ್ನ ಹೆಂಡತಿ ಸಾಲೇಹಾ. ಐದು ನಿಮಿಷದ ಮೇಲೆ ಮತ್ತೆ ಅದೇ ಪ್ರಶ್ನೆ. ಫೋನ್ ಇಡುವ ಮೊದಲು ಮೂರನೆಯ ಸಲ. ಸಾಲೇಹಾ ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಜುಲೈ ತಿಂಗಳಲ್ಲಿ ಹಲ್ಲಿಗೆ ಆ ತಂತಿ ಹಾಕಿಸಲು ಇರಮ್‌ಳನ್ನು ದಂತವೈದ್ಯರ ಬಳಿಗೆ ತಾನೇ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದವನು ಒವೈಸ್. ನನಗೆ ಆವತ್ತು ಹುಟ್ಟಿದ ಹೆದರಿಕೆ ಇನ್ನೂ ಇಳಿದಿಲ್ಲ.

ಮಂಗಳವಾರ ಕಾರ್ಖಾನೆಗೆ ರಜೆ ಹಾಕಿ, ಬೆಳಗಿನ ನಮಾಜು ಮುಗಿಸಿ ಹೊರಟು, ಇನ್ನೂರ ಎಪ್ಪತ್ತು ಮೈಲಿ ಓಡಿಸಿಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮವರು ಸಭ್ಯರು, ಅದನ್ನು ಒಪ್ಪುತ್ತೇನೆ. ಕುಳಿತುಕೊಳ್ಳಲು ಹೇಳಿದರು, ತಣ್ಣನೆಯ ನೀರು ಕೊಟ್ಟರು. ಡಾಕ್ಟರು ನೋಡಿದ್ದಾರೆಯೇ, ತಲೆಯ ಸ್ಕ್ಯಾನ್ ಆಗಿದೆಯೇ, ಇನ್ನೂ ಆಡಿಸುತ್ತಿದ್ದೀರಾ ಎಂದು ಕೇಳಿದೆ. ಮೂರಕ್ಕೂ ಒಂದೇ ಉತ್ತರ: ನಿಮ್ಮ ಮಗನಿಗೆ ಹದಿನೆಂಟು ತುಂಬಿದೆ, ಅವನು ವಯಸ್ಕ, ಅವನ ಒಪ್ಪಿಗೆಯಿಲ್ಲದೆ ಅವನ ಆರೋಗ್ಯದ ವಿಷಯ ನಿಮ್ಮೊಡನೆ ಮಾತಾಡುವಂತಿಲ್ಲ, ಅವನನ್ನೇ ಕೇಳಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹದಿನೆಂಟು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನೀರಿನ ಲೋಟ ಎತ್ತಿಕೊಂಡೆ. ಕೂಗಾಡಬೇಕೆಂದು ಬಂದವನು ನೀರು ಕುಡಿದು, ಥ್ಯಾಂಕ್ಯೂ ಹೇಳಿ ಎದ್ದು ಬಂದೆ.

ಅವನನ್ನೇ ಕೇಳಿದೆ. ಮೈದಾನದ ಬದಿಯಲ್ಲಿ ಬೇಲಿ ಹಿಡಿದು ನಿಂತಿದ್ದ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. "ಐ ಆಮ್ ಫೈನ್, ಅಬ್ಬಾ. ಪ್ಲೀಸ್, ಎಲ್ಲರೂ ನೋಡ್ತಿದಾರೆ" ಎಂದ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಕೊಡು ಎಂದರೆ ತಲೆ ಅಲ್ಲಾಡಿಸಿದ. ಅವನ ಚೀಲದಿಂದ ನಿಮ್ಮ ಪುಸ್ತಿಕೆ ಇಣುಕುತ್ತಿತ್ತು. ತೆಗೆದು ನೋಡಿದೆ, ಹದಿನೇಳನೆಯ ಪುಟದ ಮೂಲೆ ಮಡಚಿದೆ. ಎದೆಗಾರಿಕೆ ಪರೀಕ್ಷೆಯಾಗಬೇಕು ಎಂಬ ಸಾಲಿಗೆ ಪೆನ್ಸಿಲಿನಲ್ಲಿ ಅಡಿಗೆರೆ ಹಾಕಿಕೊಂಡಿದ್ದಾನೆ. ಸ್ವಾಮಿ, ಆ ಸಾಲು ಬರೆದವರು ಯಾರು? ಇನ್ನೂ ಗಡ್ಡ ಸರಿಯಾಗಿ ಮೂಡದ ಹುಡುಗನ ಎದೆಗಾರಿಕೆಯನ್ನು ಅಚ್ಚು ಹಾಕಿಸಿ ಅನುಮಾನಿಸಿದ ಮೇಲೆ, ತಲೆ ಸಿಡಿಯುತ್ತಿದೆ ಎಂದು ಅವನು ಯಾರ ಹತ್ತಿರ ಹೇಳಬೇಕು? ಹೇಳಿದರೆ ಮುಂದಿನ ವರ್ಷದ ಪುಸ್ತಿಕೆಯಲ್ಲಿ ಏನೆಂದು ಬರೆಯುತ್ತೀರಿ? ನಿಮ್ಮ ಫುಟ್‌ಬಾಲನ್ನು ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಕಾಲಿನ ಹೆಸರಿಟ್ಟುಕೊಂಡು ತಲೆಯಲ್ಲಿ ಆಡುವ ಆಟ ಅದು. ಇಷ್ಟೆಲ್ಲ ಬಯ್ಯುವ ನಾನೇ ಅವನ ಪ್ರತಿ ಪಂದ್ಯಕ್ಕೂ ಹೋಗಿ, ಚಳಿಯಲ್ಲಿ ನಡುಗುತ್ತಾ ಚಪ್ಪಾಳೆ ಹೊಡೆದಿದ್ದೇನೆ.

ಈಗ ನನ್ನ ಪಾಲಿನ ಅಪರಾಧ. ನಿಮ್ಮ ದೇಶದ ವಿಮೆ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ಕೆಲಸ ಮಾಡುವವರಿಗೆ ಒಂದು ಸೋಜಿಗವಿದೆ: ನಮ್ಮ ಕಡೆಯಿಂದ ಬಂದವರಲ್ಲಿ ಇಷ್ಟೊಂದು ಜನ ಜೂನ್ ಒಂದರಂದೇ ಯಾಕೆ ಹುಟ್ಟಿದ್ದಾರೆ? ನಮ್ಮ ಕೂಟದಲ್ಲೇ ಎಣಿಸಿದರೆ ಎರಡು ಸಾಲು ಕುರ್ಚಿ ತುಂಬುತ್ತದೆ. ಪ್ರಕಾಶ್ ಅವರದೂ ಜೂನ್ ಒಂದೇ, ನನ್ನದೂ ಅದೇ. ಆ ದಿನ ನಮ್ಮ ಸೂಲಗಿತ್ತಿಯರಿಗೆ ಉಸಿರಾಡಲು ಪುರಸೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಜೂನ್ ಒಂದು ಶಾಲೆ ಶುರುವಾಗುವ ದಿನ. ಒಂದನೆಯ ಇಯತ್ತೆಗೆ ಸೇರಿಸಲು ಮಗುವಿಗೆ ಇಷ್ಟು ವರ್ಷ ತುಂಬಿರಬೇಕೆಂದು ಸರಕಾರದ ನಿಯಮ. ತುಂಬಿರದಿದ್ದರೆ ಹೆಡ್‌ಮಾಸ್ತರರು ತಮ್ಮ ಪೆನ್ನಿನಿಂದಲೇ ತುಂಬಿಸುತ್ತಿದ್ದರು.

ಒವೈಸ್ ಹುಟ್ಟಿದ್ದು ೧೯೮೬ರ ಮಾರ್ಚ್ ಇಪ್ಪತ್ತೆರಡರಂದು. ತೊಂಬತ್ತೊಂದರ ಜೂನ್‌ನಲ್ಲಿ ಅವನಿಗೆ ಐದು ವರ್ಷ ಎರಡು ತಿಂಗಳು, ನೋಡಲು ಏಳು ವರ್ಷದವನಂತಿದ್ದ. ಮನೆಯಲ್ಲಿ ಅವನ ಹಾವಳಿ ತಡೆಯಲಾಗದೆ ಶಾಲೆಗೆ ಎಳೆದುಕೊಂಡು ಹೋದೆ. ಹೆಡ್‌ಮಾಸ್ತರರು ಅವನ ಬಲಗೈಯನ್ನು ತಲೆಯ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿತು. "ಹುಡುಗ ಎತ್ತರ ಅದಾನ್ರಿ ಷರೀಫ್ ಸಾಹೇಬ್ರ, ಯಾರ್ ಕೇಳ್ತಾರ? ಎಂಬತ್ತೈದು, ಜೂನ್ ಒಂದು ಅಂತ ಬರದ್ರಾತು" ಎಂದರು. ನಾನು ಹೂಂ ಎಂದೆ. ಹತ್ತು ದಿನ ಕಡಿಮೆ ಹತ್ತು ತಿಂಗಳು ಒಂದು ಹೂಂಕಾರದಲ್ಲಿ ಹೋಯಿತು. ಅಮೆರಿಕಕ್ಕೆ ಅರ್ಜಿ ಹಾಕುವಾಗ ಜನನ ಪ್ರಮಾಣಪತ್ರ ಕೇಳಿದರು. ಪುರಸಭೆ ಕೊಟ್ಟ ನಿಜವಾದ ಪತ್ರ ಟ್ರಂಕಿನಲ್ಲೇ ಇತ್ತು, ಶಾಲೆಯ ದಾಖಲೆಗೆ ಹೊಂದುತ್ತಿರಲಿಲ್ಲ. ಕೋರ್ಟಿನ ಮುಂದೆ ಕೂರುವ ಟೈಪಿಸ್ಟನಿಂದ ಅಫಿಡವಿಟ್ ಮಾಡಿಸಿ, ಇಬ್ಬರು ಹಿರಿಯರ ಸಹಿ ಹಾಕಿಸಿದೆ. ಒಂದು ಸುಳ್ಳು ಮುಚ್ಚಲು ಇನ್ನೊಂದು. ಅಲ್ಲಿಂದ ಅದು ಗ್ರೀನ್ ಕಾರ್ಡಿಗೆ, ಪಾಸ್‌ಪೋರ್ಟಿಗೆ, ಕೊನೆಗೆ ನಿಮ್ಮ ಹದಿನೇಳನೆಯ ಪುಟಕ್ಕೆ ಬಂತು.

ಲಿವೋನಿಯಾದಲ್ಲಿ ನನ್ನದೊಂದು ಚಿಕ್ಕ ಕಾರ್ಖಾನೆ ಇದೆ. ಕಾರು ಮಾಡುವವರಿಗೆ ಬೇಕಾದ ಕತ್ತರಿಸುವ ಹತ್ಯಾರಗಳನ್ನು ಸಾಣೆ ಹಿಡಿದು ಕೊಡುತ್ತೇವೆ. ಇಂಚಿನ ಸಾವಿರದಲ್ಲೊಂದು ಪಾಲು ಹೆಚ್ಚು ಕಡಿಮೆಯಾದರೆ ಮಾಲು ವಾಪಸು ಬರುತ್ತದೆ, ಕೆಲಸಗಾರರನ್ನು ಬಯ್ಯುತ್ತೇನೆ. ಮಗನ ಆಯುಸ್ಸಿನಲ್ಲಿ ಹತ್ತು ತಿಂಗಳ ತಪ್ಪು ಇಟ್ಟುಕೊಂಡು ಹನ್ನೆರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದವನು ನಾನೇ. ಗೆಳೆಯರ ಜೊತೆ ಕೇಕು ಕತ್ತರಿಸುವುದು ಜೂನ್ ಒಂದಕ್ಕೆ. ಸಾಲೇಹಾ ಮಾತ್ರ ಪ್ರತಿ ಮಾರ್ಚ್ ಇಪ್ಪತ್ತೆರಡಕ್ಕೆ ಶಾವಿಗೆ ಪಾಯಸ ಮಾಡುತ್ತಾಳೆ. ಮಗ ಎರಡು ಬಟ್ಟಲು ತಿನ್ನುತ್ತಾನೆ, ಇವತ್ತೇನು ವಿಶೇಷ ಎಂದು ಒಮ್ಮೆಯೂ ಕೇಳಿಲ್ಲ.

ನಿಮ್ಮ ಪ್ರವೇಶದ ಕಾಗದಗಳ ಜೊತೆ ಗುಲಾಬಿ ಬಣ್ಣದ ಒಂದು ಫಾರ್ಮು ಬಂದಿತ್ತು. ಹದಿನೆಂಟು ತುಂಬದ ಆಟಗಾರರ ಚಿಕಿತ್ಸೆಗೆ, ಆಟಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು, ಇಲ್ಲಿ ಸಹಿ ಮಾಡಿ ಎಂದು ಒಂದು ಚೌಕ. ಅದರ ಮೇಲೆ ಗೆರೆ ಎಳೆದು "ಅನ್ವಯಿಸುವುದಿಲ್ಲ" ಎಂದು ನನ್ನ ಕೈಯಾರೆ ಬರೆದು ಕಳಿಸಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಆದರೆ ಮಾಡಿದವನು ನಾನು, ಉಣ್ಣುತ್ತಿರುವವನು ಅವನು. ಇದು ಯಾವ ನ್ಯಾಯ?

ಹಾಗಾದರೆ ಬಂದು ನಿಜ ಹೇಳಬಾರದೇ ಎಂದು ನೀವು ಕೇಳಬಹುದು. ಬುಧವಾರ ವಕೀಲರನ್ನು ಕೇಳಿದೆ. "ಈ ಕಾಲದಲ್ಲಿ, ನಿಮ್ಮ ಹೆಸರಿಟ್ಟುಕೊಂಡು, ಜನ್ಮದಿನಾಂಕ ಸುಳ್ಳು ಎಂದು ನೀವಾಗಿಯೇ ಹೋಗಿ ಹೇಳುತ್ತೀರಾ? ಇನ್ನು ಏನೇನು ಸುಳ್ಳು ಎಂದು ಕೇಳುತ್ತಾರೆ. ಮುಟ್ಟಬೇಡಿ" ಎಂದರು. ಅವಳಿ ಗೋಪುರಗಳು ಉರುಳಿದ ಮೇಲಿನ ಈ ಎರಡು ವರ್ಷಗಳಲ್ಲಿ ವಿಮಾನ ನಿಲ್ದಾಣದ ಸಾಲಿನಲ್ಲಿ ನನ್ನ ಹೆಸರನ್ನು ಎಷ್ಟು ಸಲ ನಿಧಾನವಾಗಿ ಓದಿದ್ದಾರೆಂದು ನನಗೆ ಗೊತ್ತು. ವಕೀಲರ ಮಾತು ಸುಳ್ಳಲ್ಲ. ಅತ್ತ ದರಿ, ಇತ್ತ ಪುಲಿ. ಅದಕ್ಕೇ ನಿಮಗೆ ಅರ್ಥವಾಗದ ಭಾಷೆಯಲ್ಲಿ, ಹೆಸರಿಲ್ಲದೆ, ನಿಮ್ಮ ಮೇಲೆ ಬೆಂಕಿ ಕಾರುವ ಜಾಣತನ ನನಗೆ ಹೊಳೆಯಿತು.

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಬೆಳಿಗ್ಗೆ ಸಾಲೇಹಾಳಿಗೆ ಓದಿ ಹೇಳಿದೆ. ಮನೆಯಲ್ಲಿ ನಾವು ಆಡುವುದು ಉರ್ದು. ಅವಳಿಗೆ ಕೋಪ ಬಂದರೆ ಮಾತ್ರ ಕನ್ನಡ ಬರುತ್ತದೆ. "ಓದಾಕ ಬರದವ್ರಿಗೆ ಕಾಗದ ಬರದು ಹೆದರಸ್ತೀರಲ್ರಿ, ನಿಮ್ಮ ಶೌರ್ಯಕ್ಕ ಏನ್ ಹೇಳೂದು! ನಮ್ಮ ಕಾಗದಪತ್ರ ದೊಡ್ಡದೋ, ಅವನ ತಲಿ ದೊಡ್ಡದೋ? ಅದನ್ನ ಹೇಳ್ರಿ ಮೊದಲ." ಟ್ರಂಕು ತೆಗೆದು, ಪುರಸಭೆಯ ಪತ್ರವನ್ನು ನನ್ನ ಮುಂದೆ ಇಟ್ಟಳು. ಹಳದಿಗಟ್ಟಿದೆ, ಮಡಿಕೆಯಲ್ಲಿ ಹರಿದಿದೆ, ದಿನಾಂಕ ಸ್ಪಷ್ಟವಾಗಿದೆ. ನಾನು ಇರಮ್‌ಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ನಾನು ಒಂದೊಂದೇ ವಾಕ್ಯ ಓದಿ ಅರ್ಥ ಹೇಳುವುದು, ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ಮಾರ್ಚ್ ಇಪ್ಪತ್ತೆರಡರ ಹತ್ತಿರ ಅವಳ ಬೆರಳು ನಿಂತಿತು.

"ವೇಟ್, ಅಬ್ಬಾ. ಸೋ ಹಿ ಈಸ್ ಸೆವೆಂಟೀನ್?"

"ಹೌದಮ್ಮಾ."

"ಡಸ್ ಹಿ ನೋ?"

ಇಲ್ಲ ಎಂದೆ. "ಸಮ್‌ಬಡಿ ಶುಡ್ ಟೆಲ್ ಹಿಮ್" ಎಂದು ಮತ್ತೆ ಟೈಪ್ ಮಾಡತೊಡಗಿದಳು. ನನಗೆ ನಾಚಿಕೆಯಾಯಿತು.

ಆದ್ದರಿಂದ, ಮಾನ್ಯರೇ, ಈ ಪತ್ರ ನಿಮಗೆ ಅರ್ಥವಾಗುತ್ತದೆ. ಸೋಮವಾರ ನಿಮಗೆ ರಜೆ. ಮಂಗಳವಾರ ಬಾಗಿಲು ತೆಗೆಯುವ ಹೊತ್ತಿಗೆ ಇಂಗ್ಲಿಷ್ ಪ್ರತಿ ಮತ್ತು ಆ ಹಳದಿ ಕಾಗದ ಹಿಡಿದು ನಾನೂ ಸಾಲೇಹಾಳೂ ನಿಮ್ಮ ಕಚೇರಿಯ ಮುಂದಿರುತ್ತೇವೆ. ವಲಸೆ ಇಲಾಖೆಗೆ ಯಾವ ಉತ್ತರ ಕೊಡಬೇಕೋ ಅದನ್ನು ನಾನು ಕೊಡುತ್ತೇನೆ, ಆ ತಲೆನೋವು ನನ್ನದು. ನೀವು ಆ ಗುಲಾಬಿ ಫಾರ್ಮನ್ನು ನನಗೆ ವಾಪಸು ಕೊಡಬೇಕು. ಡಾಕ್ಟರಿಗೆ ತೋರಿಸಲು ಒಪ್ಪಿಗೆ ಇದೆ ಎಂದು ಅದರಲ್ಲಿ ಬರೆದು ಸಹಿ ಹಾಕುತ್ತೇನೆ. ಆಡಿಸಲು ಒಪ್ಪಿಗೆ ಇಲ್ಲ ಎಂದು ಬರೆದು ಇನ್ನೊಂದು ಸಹಿ ಹಾಕುತ್ತೇನೆ. ಅವನಿಗೆ ಹದಿನೆಂಟು ತುಂಬುವುದು ಬರುವ ಮಾರ್ಚ್‌ಗೆ, ನಿಮ್ಮ ಸೀಸನ್ ಮುಗಿದ ಎಷ್ಟೋ ತಿಂಗಳ ಮೇಲೆ. ಅಲ್ಲಿಯವರೆಗೆ ಅವನ ಎದೆಗಾರಿಕೆಯನ್ನು ಪರೀಕ್ಷಿಸುವ ಹಕ್ಕು ನಿಮಗಿಲ್ಲ. ಮೊದಲು ಅವನ ಹತ್ತಿರ ಹೋಗುತ್ತೇನೆ. ನೀನಿನ್ನೂ ಗಂಡಸಾಗಬೇಕಿಲ್ಲ ಮಗನೇ, ನಿನಗಿನ್ನೂ ಹದಿನೇಳು ಎಂದು ಹೇಳುತ್ತೇನೆ. ಅವನು ಅದನ್ನು ಎರಡನೆಯ ಸಲ, ಮೂರನೆಯ ಸಲ ಕೇಳಿದರೂ ಹೇಳುತ್ತೇನೆ.

ಪ್ರಕಾಶ್ ಅವರಲ್ಲಿ ಒಂದು ವಿನಂತಿ: ಹೆಸರು ಹಾಕಿ.

ಇಂತಿ,
ಸಹಿ ಹಾಕಬೇಕಿದ್ದ ಚೌಕದಲ್ಲಿ ಗೆರೆ ಎಳೆದು ಕಳಿಸಿದ ತಂದೆ,
ಷರೀಫ್, ಲಿವೋನಿಯಾ
೩೦ ಆಗಸ್ಟ್ ೨೦೦೩