ಹಳದಿ ಪೀಪಾಯಿಗಳ ನಡುವಿನ ಹಡಗು

ಮುಳುಗಿದ ಹಡಗುಗಳ ಸಂರಕ್ಷಣಾಧಿಕಾರಿಗಳಾದ ಮಾನ್ಯರೇ,

ವಾಡನ್ ಕಡಲಿನ ನಮ್ಮ ದ್ವೀಪದ ಪಡುವಣಕ್ಕೆ ಮುಳುಗಿರುವ ಹಳೆಯ ವ್ಯಾಪಾರದ ಹಡಗನ್ನು ಕಳ್ಳರು ಭಾನುವಾರ ಭಾನುವಾರ ಬಿಚ್ಚಿ ಒಯ್ಯುತ್ತಿದ್ದಾರೆ. ಅವರಿಗೆ ದಾರಿ ತೋರಿಸಿದವರು ತಾವು. ತಡೆಯಹೋದ ನಮ್ಮವನಿಗೆ ದಂಡ ಹಾಕಿದವರೂ ತಾವೇ. ಹೊಗೆಯಲ್ಲಿ ಹದಮಾಡಿದ ಮೀನು ಮಾರಿ ಬದುಕು ಕಟ್ಟಿಕೊಂಡವಳು ನಾನು. ಬೆಕ್ಕಿಗೆ ಅಂಗಡಿಯ ಬಾಗಿಲು ತೆರೆದು, ಕಾವಲುನಾಯಿಯನ್ನು ಕಟ್ಟಿಹಾಕುವ ವ್ಯವಹಾರವನ್ನು ಈವರೆಗೆ ಎಲ್ಲಿಯೂ ಕಂಡಿರಲಿಲ್ಲ.

ಕಡಲಿನಿಂದ ನೋಡುವಾಗ ಚರ್ಚಿನ ಗೋಪುರ ದೀಪಸ್ತಂಭದ ಹಿಂದೆ ಮರೆಯಾಯಿತೋ, ಹಡಗು ಅಲ್ಲೇ ಕೆಳಗಿದೆ ಎಂದರ್ಥ, ಬಲೆ ಎತ್ತಿಬಿಡಬೇಕು. ಇದು ನಮ್ಮ ಮೀನುಗಾರರು ತಂದೆಯಿಂದ ಮಗನಿಗೆ ಬಾಯಲ್ಲೇ ದಾಟಿಸಿದ ಗುಟ್ಟು. ಹಡಗಿನ ಮೇಲಿನ ಭಕ್ತಿಯಿಂದಲ್ಲ, ಅದಕ್ಕೆ ಸಿಕ್ಕಿ ಬಲೆ ಹರಿದೀತೆಂಬ ಭಯದಿಂದ. ಆದರೆ ಆ ಭಯವೇ ಹಡಗನ್ನು ಕಾಯ್ದಿತ್ತು. ತಾವು ಬಂದಿರಿ, ‘ಸಮುದಾಯದ ಸಹಭಾಗಿತ್ವ’ ಎಂದಿರಿ, ನಮ್ಮ ಸಭಾಂಗಣದಲ್ಲಿ ಕಾಫಿ ಕುಡಿದಿರಿ. ಮುದುಕ ಮೀನುಗಾರ ತ್ಯಾಲಿಂಗ್ ತಮ್ಮನ್ನು ನಂಬಿ ಆ ಗುರುತು ಹೇಳಿದ. ತಾವು ಮಾಡಿದ್ದೇನು? ಹಡಗಿನ ಸುತ್ತ ಹಳದಿ ಪೀಪಾಯಿಗಳನ್ನು ತೇಲಿಬಿಟ್ಟು, ‘ಪ್ರವೇಶವಿಲ್ಲ’ ಎಂದು ಬಂದರಿನಲ್ಲಿ ನಕ್ಷೆ ಸಮೇತ ಫಲಕ ನೆಟ್ಟಿರಿ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಪತ್ರಿಕೆ ಬೇಕೆ?

ಭಾನುವಾರ ನಮ್ಮವರು ಕಡಲಿಗಿಳಿಯುವುದಿಲ್ಲ. ತಮ್ಮ ಕಚೇರಿಗೂ ಅಂದು ರಜೆ. ಕಳ್ಳರಿಗೆ ಎರಡೂ ಗೊತ್ತು. ಹೋದ ತಿಂಗಳು ಒಂದು ಭಾನುವಾರ ಕಳ್ಳರನ್ನು ಕಂಡು ತ್ಯಾಲಿಂಗ್ ಕಟ್ಟಳೆ ಮುರಿದು ತನ್ನ ದೋಣಿಯ ಹಗ್ಗ ಬಿಚ್ಚಿದ.

“ಭಾನುವಾರ ಕಣಣ್ಣಾ, ಪಾದ್ರಿಗಳು ಏನಂದಾರು?” ಎಂದೆ.

“ದೇವರ ಹತ್ರ ನಾನು ಮಾತಾಡ್ಕೋತೀನಿ. ನೀನು ಕಡಲ ಗಸ್ತಿನವರಿಗೆ ಫೋನ್ ಮಾಡು. ದೇವರಾದ್ರೂ ಅವರಿಗಿಂತ ಬೇಗ ಫೋನ್ ಎತ್ತಾನು!”

ಪೀಪಾಯಿಗಳ ನಡುವೆ ಲಂಗರು ಹಾಕಿ ಕೂಗಾಡಿದ. ಕಳ್ಳರು ಕಾಲ್ಕಿತ್ತರು. ನಿಧಾನವಾಗಿ ಬಂದ ಗಸ್ತುದೋಣಿಗೆ ಸಿಕ್ಕವನು ಅವನೊಬ್ಬನೇ.

“ತಾತ, ನಿಷೇಧದ ಜಾಗದಲ್ಲಿ ಲಂಗರು ಹಾಕಿದ್ದೀರಿ,” ಎಂದ ಗಸ್ತಿನವನು.

“ನಿಮ್ಮನ್ನ ಕರೆಸಿದ್ದೇ ನಾನಪ್ಪಾ!”

“ಅದಕ್ಕೇ ಸುಲಭವಾಗಿ ಸಿಕ್ಕಿದ್ರಿ.”

ಆಮೇಲೆ ತಮ್ಮ ಕಚೇರಿಯಿಂದ ದಂಡದ ಚೀಟಿ ಬಂತು. ಇನ್ನೊಮ್ಮೆ ಸಿಕ್ಕರೆ ಅವನ ಮೀನುಗಾರಿಕೆಯ ಪರವಾನಗಿಯೇ ರದ್ದಂತೆ.

ಈಗ ತಾವೇ ಹೇಳಿ. ಹೋದರೆ ನಾವು ಅಪರಾಧಿಗಳು, ಹೋಗದಿದ್ದರೆ ಬಾಯಿಲ್ಲದ ಸಾಕ್ಷಿಗಳು. ಆಡಿಬಿಟ್ಟ ಗುಟ್ಟನ್ನು ಮರಳಿ ನುಂಗಲು ಬರುತ್ತದೆಯೇ? ಕಳೆದ ಭಾನುವಾರ ಚರ್ಚಿನಲ್ಲಿ ಹಾಡಿನ ನಡುವೆ ಕಡಲಿನಿಂದ ಎಂಜಿನ್ ಸದ್ದು ಕೇಳಿಸಿತು. ನಾವೆಲ್ಲ ಇನ್ನಷ್ಟು ಗಟ್ಟಿಯಾಗಿ ಹಾಡಿದೆವು. ತ್ಯಾಲಿಂಗ್ ಮಾತ್ರ ಪುಸ್ತಕ ಮುಚ್ಚಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತ.

ಪೀಪಾಯಿಗಳ ಒಳಗೆ ನಿಂತು ಹಡಗನ್ನು ಕಾಯಲು ನಮ್ಮ ದೋಣಿಗಳಿಗೆ ಈ ಶನಿವಾರದೊಳಗೆ ಲಿಖಿತ ಅಪ್ಪಣೆ ಕೊಡಿ. ಆಗದಿದ್ದರೆ ಭಾನುವಾರ ತಾವೇ ಬಂದು ಆ ಸದ್ದು ಕೇಳುತ್ತ ನಮ್ಮೊಡನೆ ಹಾಡಿ. ತ್ಯಾಲಿಂಗನ ಪಕ್ಕದಲ್ಲಿ ಜಾಗವಿದೆ.

ಇಂತಿ,
ದಡದಲ್ಲಿ ನಿಂತು ನೋಡಲಷ್ಟೇ ಅನುಮತಿಯುಳ್ಳ,
ಹಿಲ್ಕೆ ಪೋಸ್ಟ್‌ಮಾ