ಸೋಮವಾರ ಮನೆ ನೋಡಲು ಬಂದವರು

ಅರಸೀಕೆರೆ
22 ಮಾರ್ಚ್ 1998, ಭಾನುವಾರ

ನನ್ನ ಮುದ್ದು ಇಂದು,

ಎರಡು ಕಾಗದ ಬರೆದರೂ ಉತ್ತರ ಕೊಡದ ಅಮ್ಮನನ್ನು ಎಷ್ಟು ಬೈದುಕೊಂಡಿದ್ದೀಯೋ! ಬೈಯಿ, ತಪ್ಪು ನನ್ನದೇ. ಪರೀಕ್ಷೆ ಪೇಪರು ತಿದ್ದುವುದಿತ್ತು ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಪೆನ್ನು ಹಿಡಿದರೆ ಸಿಟ್ಟು ಬಿಟ್ಟು ಬೇರೇನೂ ಬರೆಯಲಾಗುತ್ತಿರಲಿಲ್ಲ. ನಿಮ್ಮ ಹಾಸ್ಟೆಲ್ಲಿನ ಸಾರು ಈಗಲೂ ನೀರೇನಾ? ಚಟ್ನಿಪುಡಿ ಕಳಿಸುತ್ತೇನೆ.

ಸಿದ್ದಬಸಪ್ಪನವರು ನಾವಿರುವ ಮನೆ ಮಾರುತ್ತಿದ್ದಾರೆ. ಮಾರಲಿ, ಅವರ ಮನೆ. ಆದರೆ ಹನ್ನೊಂದು ವರ್ಷದಿಂದ ಬಾಡಿಗೆಗಿರುವವರಿಗೆ ಮೊದಲೇ ಒಂದು ಮಾತು ಹೇಳಬಾರದೇ? ಒಂಬತ್ತನೇ ತಾರೀಖು, ಸೋಮವಾರ, ತಲೆನೋವೆಂದು ಸ್ಕೂಲಿನಿಂದ ಮಧ್ಯಾಹ್ನವೇ ಬಂದೆ. ಬಾಗಿಲು ತೆರೆದೇ ಇದೆ! ಒಳಗೆ ಗುರುತಿಲ್ಲದ ನಾಲ್ಕು ಜನ. ಒಬ್ಬ ಟೇಪು ಹಿಡಿದು ನಮ್ಮ ಮಲಗುವ ಕೋಣೆ ಅಳೆಯುತ್ತಿದ್ದ. ಒಬ್ಬಾಕೆ ಗೋಡೆಬೀರು ತೆಗೆದು ನನ್ನ ಸೀರೆಗಳ ನಡುವೆ ಕೈಯಾಡಿಸುತ್ತಿದ್ದಳು. "ತೇವ ಐತಾ ಅಂತ ನೋಡ್ದೆ ಕಣಮ್ಮ" ಅಂದಳು. ಪಕ್ಕದಲ್ಲಿ ಮನೆಯೊಡತಿ ಕಮಲಾಕ್ಷಮ್ಮ, ಕೈಯಲ್ಲಿ ನಮ್ಮ ಬೀಗದ ಕೈ. ನೀನು ಸ್ಕೂಲು ಬಿಟ್ಟು ಬಂದು ಬೀದಿಯಲ್ಲಿ ನಿಲ್ಲಬಾರದೆಂದು ನಾನೇ ಅವರ ಕೈಗೆ ಕೊಟ್ಟದ್ದು. ನಿನಗೆ ಜ್ವರ ಬಂದಾಗ ನನಗೆ ರಜೆ ಸಿಗದೆ ಅವರೇ ಗಂಜಿ ಕುಡಿಸಿದ್ದರಲ್ಲ, ಅದೆಲ್ಲ ನೆನಪಾಗಿ, ಅಂಥವರೇ ಹೀಗೆ ಮಾಡಿದರಲ್ಲ ಅನ್ನಿಸಿತು.

"ಬರೋ ಮುಂಚೆ ಹೇಳ್ಬಾರ್ದಿತ್ತಾ?" ಅಂದೆ.

ಹಿತ್ತಲಿಂದ ಬಂದ ಸಿದ್ದಬಸಪ್ಪನವರು, "ನಮ್ಮನೆ ನಾವ್ ತೋರ್ಸಕ್ಕೆ ನಿಮ್ಮ ಅಪ್ಪಣೆ ಬೇಕಾ ಟೀಚರಮ್ಮ?" ಅಂದರು.

"ಬೇಕು. ಗೋಡೆ ನಿಮ್ದು. ಒಳಗಿರೋ ಸಂಸಾರ ನಮ್ದು" ಅಂದುಬಿಟ್ಟೆ. ಕಮಲಾಕ್ಷಮ್ಮ ನನ್ನ ಮುಖ ನೋಡಲಿಲ್ಲ.

ಸಾವಿತ್ರಮ್ಮ ಟೀಚರ ಯಜಮಾನರು ವಕೀಲರಲ್ಲವೇ, ಅವರನ್ನು ಕೇಳಿದೆ. "ಮನೆ ಕೈ ಬದಲಾದ ಮಾತ್ರಕ್ಕೆ ನೀವು ಬೀದಿಗೆ ಬೀಳಲ್ಲ. ಕೊಂಡೋರಿಗೆ ಬಾಡಿಗೆ ಕೊಟ್ಕೊಂಡು ಇರಿ" ಅಂದರು. ಮನೆ ನೋಡುವವರು ಹಿಂದಿನ ದಿನ ತಿಳಿಸಿ, ನಾವಿರುವಾಗಲೇ ಬರಬೇಕೆಂದು ಸಿದ್ದಬಸಪ್ಪನವರಿಗೆ ಬರೆದುಕೊಟ್ಟೆ, ಬೀಗವನ್ನೂ ಬದಲಾಯಿಸಿದೆ. ಕೊಳ್ಳುತ್ತಿರುವ ಬಾಣಾವರದ ಜಯದೇವಪ್ಪನವರು ತಾವಾಗಿಯೇ ಬಂದು, ತಮ್ಮ ಮನೆಯವರು ಬೀರು ತೆಗೆದದ್ದು ತಪ್ಪಾಯಿತೆಂದು ಹೇಳಿಹೋದರು. ನಿಮ್ಮಪ್ಪ ಮಾತ್ರ ಬೇರೆ ಮನೆ ನೋಡೋಣ ಅನ್ನುತ್ತಿದ್ದಾರೆ. ನಾನು ಒಪ್ಪಿಲ್ಲ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ಯಾರೆದುರೂ ತಲೆ ತಗ್ಗಿಸದ ಬಾಳು ನಿನ್ನದಾಗಲಿ ಮಗಳೇ.

ನಿನ್ನ ಅಮ್ಮ,
ಲತಾಮಣಿ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಅವತ್ತು ನಡುಮನೆಯ ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೊ ಇರಲಿಲ್ಲ. ಆ ಮೊಳೆಗೆ ತೆಂಗಿನಕಾಯಿ ಮಂಡಿಯ ಕ್ಯಾಲೆಂಡರು ನೇತಾಡುತ್ತಿತ್ತು. ಫೋಟೊಗಳು ಮಂಚದ ಕೆಳಗೆ, ನನ್ನ ಹಳೇ ಸೀರೆಯ ಗಂಟಿನಲ್ಲಿದ್ದವು. ಕಮಲಾಕ್ಷಮ್ಮನದೇ ಕೆಲಸವೆಂದು ಬಾಯಿಗೆ ಬಂದಂತೆ ಬೈದೆ. ಸಂಜೆ ನಿಮ್ಮಪ್ಪ ಬಾಯಿಬಿಟ್ಟರು. ಹೇಳದೆ ಬಂದರು ಅಂತ ಅಷ್ಟು ಕೂಗಾಡಿದೆನಲ್ಲ, ಸಿದ್ದಬಸಪ್ಪನವರು ಹೇಳಿದ್ದರು ಕಣೇ, ನಿಮ್ಮಪ್ಪನಿಗೆ. "ದೇವರಾಜ್, ಆ ಫೋಟೊ ಒಂದಿನದ ಮಟ್ಟಿಗೆ ಇಳ್ಸಿ. ಬರೋರು ಏನಾರ ಅಂದ್ಕೊಂಡ್ರೆ ರೇಟು ಬಿದ್ದೋಯ್ತದೆ" ಅಂದರಂತೆ. ನಾನು ಸ್ಕೂಲಿಗೆ ಹೊರಟ ಮೇಲೆ ಇವರೇ ಸ್ಟೂಲ್ ಹಾಕಿಕೊಂಡು ಇಳಿಸಿದ್ದಾರೆ. ನಾನು ಒಂದು ನಿಮಿಷದಲ್ಲಿ ಮತ್ತೆ ತೂಗುಹಾಕಬಲ್ಲೆ. ಆದರೆ ಇಳಿಸಿದವರೇ ಹಾಕಲಿ ಅಂತ ಬಿಟ್ಟಿದ್ದೇನೆ. ಹದಿಮೂರು ದಿನವಾಯಿತು ಇಂದು, ಕ್ಯಾಲೆಂಡರು ಇನ್ನೂ ಅಲ್ಲೇ ಇದೆ.